ಡೌವೆ ಮಾರಿದ ಲೆನ್ಸು

ಮೊದಲೇ ಹೇಳಿಬಿಡುತ್ತೇನೆ, ಲೆನ್ಸಿನಲ್ಲಿ ಯಾವ ದೋಷವೂ ಇರಲಿಲ್ಲ. ಪ್ರಿಂಟರಿನಲ್ಲೂ ಇರಲಿಲ್ಲ. ದೋಷವಿದ್ದದ್ದು ವೀಬೆ ಹೈಡೆಮಾನ ಬಲಗಣ್ಣಿನಲ್ಲಿ. ಕಣ್ಣಿನ ಹಿಂಬದಿಯ ಪರದೆಯ ನಟ್ಟನಡುವೆ ಕೂದಲೆಳೆಯಂಥ ಒಂದು ರಕ್ತನಾಳ ಸೋರುತ್ತಿತ್ತು. ಇಂಥದ್ದು ಶುರುವಾದ ಕೆಲವೇ ವಾರಗಳಲ್ಲಿ ವೈದ್ಯರ ಕೈಗೆ ಸಿಕ್ಕರೆ ಕಣ್ಣು ಉಳಿಯುತ್ತದೆ, ತಡ ಮಾಡಿದಷ್ಟೂ ಕೈಬಿಟ್ಟು ಹೋಗುತ್ತದೆ. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಅಂಥ ಹೊತ್ತಿನಲ್ಲಿ ಹಾರ್ಲಿಂಗನ್ ಬಂದರಿನ ಫೋಟೋ ಕ್ಲಬ್ಬಿನ ಹದಿನಾಲ್ಕು ಮಂದಿ, ಎಲ್ಲರೂ ಬಲ್ಲವರು, ಎಲ್ಲರೂ ಒಳ್ಳೆಯವರು, ಮಂಗಳವಾರ ಮಂಗಳವಾರ ಸೇರಿ ಕಾಫಿ ಕುಡಿಯುತ್ತ ಲೆನ್ಸಿನ ವಿಚಾರ ಮಾತಾಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ವೀಬೆಗೆ ಎಪ್ಪತ್ತೊಂದು. ನಲವತ್ತನಾಲ್ಕು ವರ್ಷ ಇಟ್ಟಿಗೆ ಕಟ್ಟಿದ ಮೇಸ್ತ್ರಿ. ಬಂದರಿನ ಹಿಂದಿನ ಬೀದಿಗಳಲ್ಲಿ ಅರ್ಧಕ್ಕರ್ಧ ಗೋಡೆ ಅವನ ಕೈಯವು. ದಾರ ಎಳೆದು ಕಟ್ಟಿ, ಎಡಗಣ್ಣು ಮುಚ್ಚಿ, ಬಲಗಣ್ಣು ಮಾತ್ರ ತೆರೆದು ದಾರದುದ್ದಕ್ಕೂ ನೋಟ ಹಾಯಿಸಿದನೆಂದರೆ ಕೂದಲಿನಷ್ಟು ಡೊಂಕಿದ್ದರೂ ಹಿಡಿಯುತ್ತಿದ್ದ. ಆ ಅಭ್ಯಾಸ ಎಷ್ಟು ಅಂಟಿತ್ತೆಂದರೆ ಅಂಗಡಿಯಲ್ಲಿ ಬ್ರೆಡ್ಡು ಕೊಳ್ಳುವಾಗಲೂ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚುತ್ತಿದ್ದ. "ಮದುವೆ ದಿನ ನನ್ನನ್ನೂ ಹಂಗೇ ನೋಡ್ದ, ನೇರ ನಿಂತಿದೀನಾ ಇಲ್ವಾ ಅಂತ" ಎಂದು ಅವನ ಹೆಂಡತಿ ನಿಂಕೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು.

ಕ್ಯಾಮೆರಾ ಹಿಡಿದದ್ದು ನಲವತ್ತರ ಹತ್ತಿರ, ಮೊಣಕಾಲು ಕೆಟ್ಟು ಒಂದು ಚಳಿಗಾಲವಿಡೀ ಮನೆಯಲ್ಲಿ ಕೂರಬೇಕಾಗಿ ಬಂದಾಗ. ಆಮೇಲೆ ಅದನ್ನು ಬಿಡಲಿಲ್ಲ. ತೆಗೆದದ್ದೆಲ್ಲ ನೇರ ವಸ್ತುಗಳೇ: ಸಮುದ್ರದ ಒಡ್ಡು, ನೀರು ಆಕಾಶ ಕೂಡುವ ಗೆರೆ, ಹಡಗಿನ ಪಕ್ಕೆ, ಇಟ್ಟಿಗೆ ಹಾಸಿದ ಬೀದಿ. ಜನರ ಚಿತ್ರ ತೆಗೆ ಎಂದರೆ, "ಜನ ಅಲುಗಾಡ್ತಾರೆ" ಎನ್ನುತ್ತಿದ್ದ. ಕ್ಲಬ್ಬಿನಲ್ಲಿ ಒಂದು ಕಟ್ಟಳೆಯಿದೆ. ಒಬ್ಬನ ಚಿತ್ರವನ್ನು ಗೋಡೆಗೆ ಹಾಕಿ ಉಳಿದವರು ತಪ್ಪು ಎತ್ತಿ ಆಡುವಾಗ ತೆಗೆದವನು ತುಟಿ ಪಿಟಕ್ಕೆನ್ನಬಾರದು. ಹಾಗೆ ಮೂವತ್ತು ವರ್ಷ ಬಾಯಿ ಮುಚ್ಚಿ ಕೂತ ವೀಬೆಯ ಕಿವಿಗೆ 'ಗೆರೆ ಓರೆಯಾಗಿದೆ' ಎಂಬ ಮಾತು ಒಂದು ಸಲವೂ ಬಿದ್ದಿರಲಿಲ್ಲ. ಬೇರೆಯವರೇ ತಮ್ಮ ಚಿತ್ರ ತಂದು, "ವೀಬೆ, ಇದು ನೇರ ಇದೆಯಾ ನೋಡು" ಎಂದು ಕೇಳುತ್ತಿದ್ದರು.

ಇನ್ನು ಡೌವೆ. ದ್ವೀಪಕ್ಕೆ ಹೋಗುವ ಹಡಗಿನಲ್ಲಿ ಎಂಜಿನ್ ನೋಡಿಕೊಂಡಿದ್ದವನು, ಈಗ ನಿವೃತ್ತ. ಕ್ಲಬ್ಬಿನಲ್ಲಿ ಯಂತ್ರದ ಮಾತು ಬಂದರೆ ಅವನದೇ ಕೊನೆಯ ಮಾತು. ವೀಬೆಗೂ ಅವನಿಗೂ ಮೂವತ್ತು ವರ್ಷದ ಗೆಳೆತನ. ಭಾನುವಾರ ಬೆಳಿಗ್ಗೆ ಇಬ್ಬರೂ ಒಡ್ಡಿನ ಮೇಲೆ ಎರಡು ಗಂಟೆ ನಡೆಯುವರು, ಬರುವಾಗ ಗಾಡಿಯಂಗಡಿಯಲ್ಲಿ ಈರುಳ್ಳಿ ಉದುರಿಸಿದ ಹೆರಿಂಗ್ ಮೀನು ತಿನ್ನುವರು, ಒಟ್ಟು ಆಡಿದ ಮಾತು ಎಣಿಸಿದರೆ ಇಪ್ಪತ್ತು ದಾಟುತ್ತಿರಲಿಲ್ಲ. ನಮ್ಮ ಕಡೆ ಗಂಡಸರ ಪ್ರೀತಿಯೆಂದರೆ ಇಷ್ಟೇ.

ಡೌವೆಯ ಹತ್ತಿರ ಒಂದು ಅಗಲ ನೋಟದ ಲೆನ್ಸಿತ್ತು, ಒಂದು ಕಿಲೋ ತೂಗುವಂಥದ್ದು. ವೀಬೆ ಆರು ವರ್ಷದಿಂದ ಅದರ ಮೇಲೆ ಕಣ್ಣಿಟ್ಟಿದ್ದ. ಈ ಫೆಬ್ರವರಿಯಲ್ಲಿ ಭುಜ ನೋವು ತಡೆಯಲಾರದೆ ಡೌವೆ ಅದನ್ನು ಮಾರಲು ಹೊರಟಾಗ ಬೇರೆ ಯಾರನ್ನೂ ಕೇಳಲಿಲ್ಲ. ವೀಬೆಯ ಅಡಿಗೆಮನೆಯ ಮೇಜಿನ ಮೇಲೆ ಇಟ್ಟು, "ಚೆನ್ನಾಗಿ ನೋಡ್ಕೋ. ಮಗಳನ್ನ ಕೊಟ್ಟಂಗೆ ಕೊಡ್ತಿದೀನಿ" ಎಂದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

ಹೊಸ ಲೆನ್ಸು ಬಂದರೆ ಮೊದಲು ಇಟ್ಟಿಗೆ ಗೋಡೆಯ ಚಿತ್ರ ತೆಗೆದು ನೋಡುವುದು ಈ ಜನರ ಪದ್ಧತಿ. ಸಾಲುಗಳು ಅಂಚಿನವರೆಗೆ ನೇರವಾಗಿ ಬಂದರೆ ಲೆನ್ಸು ಗಟ್ಟಿ. ಬೇರೆಯವರು ಯಾವುದೋ ಗೋಡೆ ಹುಡುಕಬೇಕು, ವೀಬೆಗೆ ತನ್ನ ಹಿತ್ತಿಲಲ್ಲೇ ತಾನೇ ಕಟ್ಟಿದ್ದಿತ್ತು. ಮಾರನೆಯ ಬೆಳಿಗ್ಗೆ ಕ್ಯಾಮೆರಾ ಎತ್ತಿ ಎಡಗಣ್ಣು ಮುಚ್ಚಿ ಬಲಗಣ್ಣಿಟ್ಟು ನೋಡುತ್ತಾನೆ, ನಡುವಿನ ನಾಲ್ಕೈದು ಸಾಲು ಒದ್ದೆ ಬಟ್ಟೆ ಹಾಕಿದ ಹಗ್ಗದಂತೆ ಜೋತುಬಿದ್ದಿವೆ! ಕ್ಯಾಮೆರಾ ಇಳಿಸಿ ಎರಡೂ ಕಣ್ಣಲ್ಲಿ ನೋಡಿದ, ಗೋಡೆ ನೆಟ್ಟಗಿತ್ತು. ಮತ್ತೆ ಎತ್ತಿದ, ಬಾಗಿತು. ಇಳಿಸಿದ, ನೇರವಾಯಿತು. ಇಳಿಸಿದಾಗ ಎಡಗಣ್ಣು ಬಲಗಣ್ಣಿನ ತಪ್ಪನ್ನು ಮುಚ್ಚಿಹಾಕುತ್ತಿತ್ತು, ಪಾಪ ಅವನಿಗೇನು ಗೊತ್ತು. ಯಾರಾದರೂ ಏನಂದುಕೊಳ್ಳುತ್ತಾರೋ ಅವನೂ ಅದನ್ನೇ ಅಂದುಕೊಂಡ.

ಫೋನ್ ಮಾಡಿದ. "ಡೌವೆ, ಇದನ್ನ ಎಲ್ಲಾದ್ರೂ ಬೀಳಿಸಿದ್ಯಾ?"

"ಏನನ್ನ?"

"ಲೆನ್ಸು ಕಣೋ. ನಡುವೆ ಬಗ್ಗಿದೆ."

"ಲೆನ್ಸು ಬಗ್ಗಲ್ಲ. ಒಡೆಯುತ್ತೆ, ಬಗ್ಗಲ್ಲ."

"ನಂಗೆ ಕಾಣ್ತಾ ಇದೆಯಲ್ಲ!"

"ಒಂಬತ್ತು ವರ್ಷ ನನ್ ಕೈಲಿತ್ತು. ಆಗ ನೇರ ಇತ್ತು" ಎಂದು ಡೌವೆ ಫೋನ್ ಇಟ್ಟ.

ಮಂಗಳವಾರ ಕ್ಲಬ್ಬಿನಲ್ಲಿ ಇದೇ ಮಾತು. ಬಿಸ್ಕತ್ತಿನ ಡಬ್ಬದ ಯಜಮಾನಿಕೆ ಬೌಕ್ಯೆಯದು, ಹಿಂದೆ ಶಾಲೆಯ ಕಚೇರಿಯಲ್ಲಿದ್ದವಳು. ತಲೆಗೊಂದು ಬಿಸ್ಕತ್ತು ಕೊಟ್ಟು ಟಪ್ಪೆಂದು ಮುಚ್ಚಳ ಹಾಕಿದಳು. ವೀಬೆ ತೆಗೆದ ಗೋಡೆಯ ಚಿತ್ರವನ್ನು ಪರದೆಗೆ ಹಾಕಿದರು. ಎಲ್ಲ ಸಾಲೂ ನೇರ.

"ನೋಡ್ರಪ್ಪಾ" ಎಂದ ಡೌವೆ.

"ಅದು ಕಂಪ್ಯೂಟರ್ ತಾನೇ ತಿದ್ದಿದ್ದು. ಲೆನ್ಸಿನ ಡೊಂಕನ್ನ ಅದು ಒಳಗೊಳಗೇ ನೇರ ಮಾಡ್ಬಿಡುತ್ತೆ. ಕಣ್ಣಿಟ್ಟು ನೋಡಿದ್ರೆ ಮಾತ್ರ ನಿಜ ಕಾಣೋದು" ಎಂದ ವೀಬೆ. ಕಂಪ್ಯೂಟರ್ ಹಾಗೆ ತಿದ್ದುವುದು ಸುಳ್ಳೇನಲ್ಲ, ಹಾಗಾಗಿ ಅರ್ಧ ಕ್ಲಬ್ಬು ತಲೆಯಾಡಿಸಿತು.

ನಿವೃತ್ತ ಮೇಷ್ಟ್ರು ಶೂರ್ಡ್ ಕ್ಯಾಮೆರಾ ತೆಗೆದುಕೊಂಡು ಕಣ್ಣಿಗಿಟ್ಟ. "ನಂಗೇನೋ ನೇರವಾಗೇ ಕಾಣುತ್ತಪ್ಪ."

"ನೇರ ಅಂದ್ರೇನು ಅಂತ ನಿಂಗೇನು ಗೊತ್ತು? ನೀನು ಸೀಮೆಸುಣ್ಣ ಹಿಡ್ಕೊಂಡಿದ್ದೋನು!" ಎಂದ ವೀಬೆ.

ಎಲ್ಲರೂ ನಕ್ಕರು, ಶೂರ್ಡ್ ಕೂಡ. ಅನರ್ಥ ಆದದ್ದು ಇಲ್ಲಿಯೇ. ಊರಲ್ಲಿ ಯಾರ ಕಣ್ಣನ್ನಾದರೂ ಅನುಮಾನಿಸುತ್ತಾರೆ, ವೀಬೆಯ ಕಣ್ಣನ್ನು ಅನುಮಾನಿಸುವವರಿಲ್ಲ. ಅವನು ಬಗ್ಗಿದೆ ಎಂದರೆ ಬಗ್ಗಿದೆ. ಒಬ್ಬ ಒಳಗಿನ ಗಾಜು ಜರುಗಿರಬೇಕು ಎಂದ. ಇನ್ನೊಬ್ಬ ಮುಂದಿನ ಫಿಲ್ಟರ್ ಬಿಚ್ಚು ಎಂದ. ಮತ್ತೊಬ್ಬ ಉಪ್ಪುಗಾಳಿ ಹೊಕ್ಕಿದೆ ಎಂದ. ಕೊನೆಗೆ ಡೌವೆಗೇ ತನ್ನ ಲೆನ್ಸಿನ ಮೇಲೆ ಅನುಮಾನ ಹುಟ್ಟಿತು. ಮುಖ ಕೆಂಪಗೆ ಮಾಡಿಕೊಂಡು, "ಕೊಡಿಲ್ಲಿ, ನಾನೇ ರಿಪೇರಿಗೆ ಕಳಿಸ್ತೀನಿ. ಆಮೇಲೆ ಮಾತಾಡೋಣ" ಎಂದು ಕಿತ್ತುಕೊಂಡು ಹೋದ. ಆ ಭಾನುವಾರದಿಂದ ಒಡ್ಡಿನ ಮೇಲೆ ಇಬ್ಬರೂ ಬೇರೆ ಬೇರೆ ಹೊತ್ತಿಗೆ ನಡೆದರು.

ರಿಪೇರಿಗೆ ಹೋದ ಲೆನ್ಸು ಆರು ವಾರ ಬರಲಿಲ್ಲ. ಆರು ವಾರ! ಒಂದೊಂದು ವಾರವೂ ಆ ಕಣ್ಣಿಗೆ ಚಿನ್ನದಂಥದ್ದು. ವೀಬೆ ಸಿಟ್ಟಿನಲ್ಲಿ ಕ್ಯಾಮೆರಾ ಮುಟ್ಟಲೇ ಇಲ್ಲ. ಮಾಡಲು ಬೇರೆ ಕೆಲಸವಿತ್ತು. ಕ್ಲಬ್ಬಿನವರೆಲ್ಲ ಸೇರಿ ಕೊಂಡ ದೊಡ್ಡ ಪ್ರಿಂಟರು ಅವನ ಗ್ಯಾರೇಜಿನಲ್ಲೇ ಇತ್ತು, ವಸಂತದ ಪ್ರದರ್ಶನಕ್ಕೆ ನಲವತ್ತು ಚಿತ್ರ ಮುದ್ರಿಸಬೇಕಿತ್ತು. ಆ ಪ್ರಿಂಟರನ್ನು ಹಸುವಿನಂತೆ ನೋಡಿಕೊಳ್ಳಬೇಕು. ವಾರಕ್ಕೊಮ್ಮೆಯಾದರೂ ಓಡಿಸದಿದ್ದರೆ ಶಾಯಿಯ ಸಣ್ಣ ತೂತುಗಳು ಒಣಗಿ ಕಟ್ಟಿಕೊಳ್ಳುತ್ತವೆ. ಕಟ್ಟಿದೆಯೋ ಇಲ್ಲವೋ ನೋಡಲು ಅದೇ ಒಂದು ಹಾಳೆ ಮುದ್ರಿಸಿ ಕೊಡುತ್ತದೆ, ತೆಳ್ಳನೆಯ ಗೆರೆಗಳ ಚೌಕುಳಿ. ಎಲ್ಲಾದರೂ ಗೆರೆ ಮುರಿದಿದ್ದರೆ ಅಲ್ಲಿ ತೂತು ಮುಚ್ಚಿದೆಯೆಂದು ಲೆಕ್ಕ.

ವೀಬೆ ಹಾಳೆ ಎತ್ತಿಕೊಂಡು, ಎಡಗಣ್ಣು ಮುಚ್ಚಿ, ಬಲಗಣ್ಣಿಗೆ ಭೂತಗನ್ನಡಿ ಇಟ್ಟ. ನಡುವಿನ ಗೆರೆಗಳು ಅಲೆಅಲೆಯಾಗಿದ್ದವು, ಎರಡು ಮೂರು ಇಲ್ಲವೇ ಇಲ್ಲ. ಪ್ರಿಂಟರಿಗೆ ಶುದ್ಧಿ ಮಾಡಿಸಿದ. ಹಾಗೆ ಮಾಡಿಸಿದರೆ ಅದು ಎಲ್ಲ ಬಣ್ಣದ ಶಾಯಿಯನ್ನೂ ಒಂದೊಂದು ಗುಟುಕು ಎಳೆದು ಕೆಳಗಿನ ಹತ್ತಿಯ ಹಾಸಿಗೆಗೆ ಉಗುಳುತ್ತದೆ. ಮತ್ತೆ ಹಾಳೆ. ಮತ್ತೂ ಗೆರೆ ಇಲ್ಲ. ಮತ್ತೆ ಶುದ್ಧಿ. ಏಪ್ರಿಲ್ ಬರುವಷ್ಟರಲ್ಲಿ ಎರಡು ಸುತ್ತು ಶಾಯಿ ಖಾಲಿಯಾಗಿ, ಆ ಹಾಸಿಗೆ ತುಂಬಿ, ಯಂತ್ರ ಕೆಂಪು ದೀಪ ಹಾಕಿಕೊಂಡು ನಿಂತುಬಿಟ್ಟಿತು. ಪ್ರದರ್ಶನ ಮುಂದಕ್ಕೆ ಹೋಯಿತು.

ಒಂದು ದಿನ ನಿಂಕೆ ಕಾಫಿ ಕೊಡಲು ಬಂದವಳು ಆ ಹಾಳೆ ನೋಡಿದಳು. "ಎಲ್ಲಾ ಗೆರೆ ಇದಾವಲ್ಲ!"

"ಭೂತಗನ್ನಡಿ ಹಿಡ್ಕೊಂಡು ನೋಡು."

ಹಿಡಿದು ನೋಡಿದಳು. "ಇದಾವೆ ಕಣೋ. ಒಂದೂ ಮುರಿದಿಲ್ಲ."

ವೀಬೆ ಅವಳನ್ನು ಕನಿಕರದಿಂದ ನೋಡಿದ. "ನಿಂಕೆ, ಬೇಜಾರು ಮಾಡ್ಕೋಬೇಡ. ನೀನೊಂದ್ಸಲ ಕಣ್ಣು ತೋರಿಸ್ಕೋ. ವಯಸ್ಸಾಯ್ತು ನೋಡು."

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಹೆದರಿದಳು. ಕನ್ನಡಕದ ಅಂಗಡಿಯಲ್ಲಿ ದಿನ ಗೊತ್ತುಮಾಡಿಸಿಕೊಂಡಳು. ವೀಬೆಯೇ ಕಾರಿನಲ್ಲಿ ಕರೆದುಕೊಂಡು ಹೋದ. ಒಳಗೆ ಅವಳ ಎರಡೂ ಕಣ್ಣಿಗೆ ದೀಪ ಬಿಟ್ಟು, ಅಕ್ಷರ ಓದಿಸಿ, ಇನ್ನೇನೇನೋ ಪರೀಕ್ಷೆ ಮಾಡುತ್ತಿದ್ದಾಗ ಇವನು ಮೂರು ಮಾರು ಆಚೆ ಕುರ್ಚಿಯಲ್ಲಿ ಕೂತು ಕ್ಯಾಮೆರಾ ಪತ್ರಿಕೆ ಓದುತ್ತಿದ್ದ. ಎರಡೂ ಕಣ್ಣು ತೆರೆದುಕೊಂಡು ಓದುತ್ತಿದ್ದ. ನಿಂಕೆಯ ಕಣ್ಣು ಚೆನ್ನಾಗಿದೆ ಎಂದರು. ಆದರೂ ಬಂದದ್ದಕ್ಕೆ ಒಂದು ಹೊಸ ಕನ್ನಡಕ ಮಾಡಿಸಿಕೊಂಡು ಬಂದರು. ದೇವರು ಅನ್ನುವವನೊಬ್ಬನಿದ್ದರೆ ಆ ಅರ್ಧ ಗಂಟೆ ಎಲ್ಲಿ ಹೋಗಿದ್ದನೋ ಕೇಳಬೇಕು.

ಲೆನ್ಸು ರಿಪೇರಿಯಿಂದ ನೇರ ವೀಬೆಯ ಮನೆಗೇ ವಾಪಸು ಬಂತು, ಜೊತೆಗೊಂದು ಚೀಟಿ: ದೋಷವಿಲ್ಲ. ವೀಬೆ ಹಾಕಿ ನೋಡಿದ. ಈಗ ಬಾಗುವುದಷ್ಟೇ ಅಲ್ಲ, ಗೋಡೆಯ ನಡುವೆ ಬೂದಿ ಬಣ್ಣದ ಮಚ್ಚೆಯೊಂದು ಕೂತಿತ್ತು. ತನ್ನ ಹಳೆಯ ಲೆನ್ಸು ಹಾಕಿದ, ಅದರಲ್ಲೂ ಮಚ್ಚೆ. ಬೇರೆ ಯಾರಾದರೂ ಇಲ್ಲಿ ನಿಂತು ಯೋಚಿಸುತ್ತಿದ್ದರು. ಆದರೆ ಇವನು ಬರೀ ಮೇಸ್ತ್ರಿಯಲ್ಲ, ಮೂವತ್ತು ವರ್ಷ ಕ್ಲಬ್ಬಿನಲ್ಲಿ ಯಂತ್ರದ ಮಾತು ಕೇಳಿ ಕಿವಿ ತುಂಬಿಸಿಕೊಂಡವನು. ಡೌವೆಯ ಭಾರದ ಲೆನ್ಸು ಜಗ್ಗಿ ಜಗ್ಗಿ ಕ್ಯಾಮೆರಾದೊಳಗಿನ ಕನ್ನಡಿಯನ್ನೇ ಕೆಡಿಸಿದೆ ಎಂದು ತೀರ್ಮಾನಿಸಿದ. ಕ್ಲಬ್ಬಿನವರಿಗೂ ಹೇಳಿದ. ಅದನ್ನೂ ನಂಬಿದರು!

ಮೇ ಕೊನೆಯ ಮಂಗಳವಾರ ಡೌವೆ ತನ್ನದೇ ಕ್ಯಾಮೆರಾ, ತನ್ನದೇ ಹೊಸ ಲೆನ್ಸು ಹಿಡಿದುಕೊಂಡು ಬಂದ. ಬಾಗಿಲಲ್ಲೇ ವೀಬೆಯ ಕೈಗೆ ತುರುಕಿದ. "ತಗೋ. ಇದು ನಿನ್ ಕ್ಯಾಮೆರಾ ಅಲ್ಲ, ಆ ಲೆನ್ಸೂ ಅಲ್ಲ. ಆ ಕಿಟಕಿ ನೋಡು. ಎಲ್ಲರ ಮುಂದೆ ಹೇಳು."

ವೀಬೆ ನೋಡಿದ. "ಇದೂ ಬಗ್ಗಿದೆ."

"ಹಂಗಾದ್ರೆ ಪ್ರಪಂಚದ ಲೆನ್ಸೆಲ್ಲ ಡೊಂಕು! ನೀನೊಬ್ನೇ ನೇರ! ಕುಣಿಯಕ್ಕೆ ಬರದವಳು ನೆಲ ಡೊಂಕು ಅಂದ್ಳಂತೆ!"

"ಬಾಯಿ ಬಿಗಿ ಹಿಡ್ಕೊಂಡು ಮಾತಾಡು. ಕೆಟ್ಟ ಮಾಲು ಮಾರಿದೋನು ನೀನು."

"ನಾನಾ? ಮೂವತ್ತು ವರ್ಷ ಆದ್ಮೇಲೆ ನನಗೆ ಈ ಮಾತಾ?" ಡೌವೆ ಒಂದು ಹೆಜ್ಜೆ ಮುಂದಿಟ್ಟ. ಶೂರ್ಡ್ ನಡುವೆ ಬಂದು ಇಬ್ಬರನ್ನೂ ಕೂರಿಸಲು ನೋಡಿದ. ಯಾರೂ ಕೂರಲಿಲ್ಲ.

ಬೌಕ್ಯೆ ಬಿಸ್ಕತ್ತಿನ ಡಬ್ಬ ಕೆಳಗಿಟ್ಟಳು. ಲೆನ್ಸಿನ ಗೀಳು ಅವಳಿಗಿಲ್ಲ. ಹದಿನೈದು ವರ್ಷದಿಂದ ಒಂದೇ ಅಗ್ಗದ ಕ್ಯಾಮೆರಾದಲ್ಲಿ ಅಣಬೆಯ ಚಿತ್ರ ತೆಗೆಯುತ್ತಿದ್ದಾಳೆ. ಅದಕ್ಕೇ ಅವಳಿಗೆ ಹೊಳೆದಿರಬೇಕು.

"ವೀಬೆ, ಅದನ್ನೆಲ್ಲ ಕೆಳಗಿಡು. ಬರಿಗಣ್ಣಲ್ಲಿ ನೋಡು. ಎಡಗಣ್ಣು ಮುಚ್ಕೋ. ಆ ಬಾಗಿಲು ನೋಡು."

ವೀಬೆ ಎಡಗಣ್ಣು ಮುಚ್ಚಿ ಬಾಗಿಲು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ, "ಈ ಬಾಗಿಲು ಕೂರಿಸಿದ್ದು ಯಾರು?" ಎಂದ.

ಯಾರೂ ನಗಲಿಲ್ಲ. ಅವನೇ ಮೆಲ್ಲಗೆ ಬಲಗಣ್ಣು ಮುಚ್ಚಿ ಎಡಗಣ್ಣು ತೆರೆದ. ಮತ್ತೆ ಅದಲುಬದಲು ಮಾಡಿದ. ನಾಲ್ಕು ಸಲ ಮಾಡಿದ. ಐದನೆಯ ಸಲ ಬಾಗಿಲ ಹತ್ತಿರ ಹೋಗಿ ಚೌಕಟ್ಟಿನುದ್ದಕ್ಕೂ ಬೆರಳಾಡಿಸಿದ. ಕ್ಯಾಮೆರಾ, ಲೆನ್ಸು, ಪ್ರಿಂಟರು ಎಂದು ತಾಸುಗಟ್ಟಲೆ ಹರಟುವ ಹದಿಮೂರು ಮಂದಿಯೂ ತಮ್ಮ ತಮ್ಮ ಒಂದೊಂದು ಕಣ್ಣು ಮುಚ್ಚಿ ಬಾಗಿಲು ನೋಡಿದರು.

ಗುರುವಾರ ಜಿಲ್ಲಾಸ್ಪತ್ರೆಯಲ್ಲಿ ಕಣ್ಣಿನ ವೈದ್ಯೆ ಅವನ ಕೈಗೆ ಒಂದು ಚೌಕುಳಿ ಹಾಳೆ ಕೊಟ್ಟಳು, ನಡುವೆ ಒಂದು ಚುಕ್ಕೆ. "ಬಲಗಣ್ಣಲ್ಲಿ ಚುಕ್ಕೆ ನೋಡಿ. ಸುತ್ತ ಗೆರೆ ಹೇಗಿದೆ ಹೇಳಿ."

"ಚುಕ್ಕೆನೇ ಇಲ್ಲ. ಇದು ನಮ್ಮ ಪ್ರಿಂಟರಿನ ಹಾಳೆ ಇದ್ದಂಗಿದೆ ಡಾಕ್ಟ್ರೇ. ನಾನು ವಾರವಾರ ನೋಡ್ತಿದ್ದೆ."

ಅವಳಿಗೆ ಅರ್ಥವಾಗಲಿಲ್ಲ. "ಗೆರೆ ಬಾಗಕ್ಕೆ ಶುರುವಾಗಿದ್ದು ಯಾವಾಗ? ಸುಮಾರಾಗಿ ಹೇಳಿದ್ರೂ ಸಾಕು."

"ಫೆಬ್ರವರಿ ಹದಿನೆಂಟು. ಬೆಳಿಗ್ಗೆ ಹತ್ತೂ ಇಪ್ಪತ್ತು." ಚಿತ್ರದ ಮೇಲೆ ಕ್ಯಾಮೆರಾ ತಾನೇ ಹೊತ್ತು ಬರೆದುಕೊಂಡಿತ್ತು.

ವೈದ್ಯೆ ಬರೆಯುವುದನ್ನು ನಿಲ್ಲಿಸಿದಳು. "ಅಷ್ಟು ಖಚಿತವಾಗಿ ಗೊತ್ತಿದ್ದೂ ಯಾಕೆ ಬರಲಿಲ್ಲ ನೀವು?"

ವೀಬೆ ನಿಂಕೆಯ ಕಡೆ ತಿರುಗಿದ. ನಿಂಕೆ ಹೊಸ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿದ್ದಳು. ವೈದ್ಯೆ ಒರಟಿಯಲ್ಲ, ಆದರೆ ಸುತ್ತಿ ಬಳಸಿ ಹೇಳುವವಳೂ ಅಲ್ಲ. ಮಾರ್ಚಿನಲ್ಲಿ ಬಂದಿದ್ದರೆ ಬಹುಪಾಲು ಉಳಿಸಬಹುದಿತ್ತು, ಈಗ ಕಲೆ ಕಟ್ಟಿದೆ, ಕಣ್ಣಿಗೆ ಸೂಜಿಮದ್ದು ಕೊಟ್ಟು ಸೋರುವುದನ್ನು ನಿಲ್ಲಿಸುತ್ತೇವೆ, ಹೋದದ್ದು ಬರುವುದಿಲ್ಲ ಎಂದಳು. ಮೊದಲ ಮದ್ದು ಅವತ್ತೇ ಹಾಕಿದರು.

ಕ್ಲಬ್ಬಿನವರು ಒಬ್ಬೊಬ್ಬರಾಗಿ ಮನೆಗೆ ಬಂದರು. ಬೌಕ್ಯೆ ಬಿಸ್ಕತ್ತಿನ ಡಬ್ಬವನ್ನು ಇಡಿಯಾಗಿ ತಂದು ಬಿಟ್ಟುಹೋದಳು. ಶೂರ್ಡ್ ಬಂದು ಎಡಗಣ್ಣಲ್ಲಿ ಚಿತ್ರ ತೆಗೆಯುವವರಿಗೆ ಯಾವ ಕ್ಯಾಮೆರಾ ಅನುಕೂಲ ಎಂದು ಮುಕ್ಕಾಲು ಗಂಟೆ ಹೇಳಿದ. ಪಾಪ, ಅವನಿಗೆ ಬರುವ ಸಮಾಧಾನ ಅದೊಂದೇ. ವೀಬೆ ಹಿತ್ತಿಲಲ್ಲಿ ಎಡಗಣ್ಣಿಟ್ಟು ಪ್ರಯತ್ನಿಸಿದ. ಮೂಗು ಅಡ್ಡ ಬಂತು, ಬೆರಳು ಗುಂಡಿ ತಪ್ಪಿತು. "ಎಡಗಣ್ಣಿಗೆ ಕಾಣುತ್ತೆ ನಿಂಕೆ. ನೋಡಕ್ಕೆ ಬರಲ್ಲ ಅದಕ್ಕೆ. ಕಲೀಲೇ ಇಲ್ಲ" ಎಂದು ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟು ಒಳಗೆ ಹೋದ.

ಬಾರದವನು ಡೌವೆಯೊಬ್ಬನೇ. ಮೂರು ವಾರ ಬರಲಿಲ್ಲ. ನಾಲ್ಕನೆಯ ವಾರ ಒಂದು ಮಧ್ಯಾಹ್ನ ಬಂದು, ನಿಂಕೆ ಕರೆಯುವ ಮೊದಲೇ ಅಡಿಗೆಮನೆಗೆ ನಡೆದು ವೀಬೆಯ ಎದುರು ಕೂತ. ಕೋಟು ಕೂಡ ಬಿಚ್ಚಲಿಲ್ಲ. ಲೆನ್ಸು ಮೇಜಿನ ಮೇಲೇ ಇತ್ತು. ಅದನ್ನೆತ್ತಿ ತಿರುಗಿಸಿದ.

"ಹಿಂದಿನ ರಬ್ಬರು ಸವೆದಿದೆ. ಹೊಸದು ಹಾಕಿಸ್ಬೇಕು. ಇಲ್ದಿದ್ರೆ ಧೂಳು ಹೋಗುತ್ತೆ."

"ಹೂಂ. ಹಾಕಿಸ್ಬೇಕು" ಎಂದ ವೀಬೆ.

"ಮುಂದಿನ ಗಾಜನ್ನ ಬಟ್ಟೇಲಿ ಒರೆಸ್ಬೇಡ. ಧೂಳು ಹಾರಿಸಕ್ಕೆ ಊದುಬುರುಡೆ ಇಟ್ಕೋ."

"ಊದುಬುರುಡೆ ಇದೆ."

ಹೀಗೇ ಒಂದು ಗಂಟೆ. ಬಾಯಿಗೆ ಬರಬೇಕಾದ ಮಾತು ಇಬ್ಬರಿಗೂ ಬರಲಿಲ್ಲ, ಬರುವ ಮಾತೆಲ್ಲ ಲೆನ್ಸಿನದೇ. ನಿಂಕೆ ಎರಡು ಸಲ ಕಾಫಿ ಬಿಸಿ ಮಾಡಿದಳು. ಲೆನ್ಸಿನ ವಿಚಾರ ಮುಗಿದು ಪ್ರಿಂಟರಿಗೆ ಬಂದರು, ಅದೂ ಮುಗಿಯಿತು. ಡೌವೆ ಲೆನ್ಸನ್ನು ಕೆಳಗಿಟ್ಟ.

"ನನ್ನ ನೋಡಿದ್ರೆ ಏನು ಕಾಣುತ್ತೋ, ಆ ಕಣ್ಣಿಗೆ?"

ವೀಬೆ ಎಡಗಣ್ಣು ಮುಚ್ಚಿದ. ಗೋಡೆ ನೋಡುವ ಹಾಗೆಯೇ ಸಾವಕಾಶವಾಗಿ ನೋಡಿದ. ಸುಳ್ಳು ಹೇಳಬಾರದಲ್ಲ.

"ಕಿವಿ ಎರಡೂ ಕಾಣ್ತವೆ. ಕೂದಲು ಕಾಣುತ್ತೆ. ಕೋಟಿನ ಗುಂಡಿ ಕಾಣುತ್ತೆ. ಮುಖ ಇಲ್ಲ."

ಡೌವೆ ಏನೂ ಹೇಳಲಿಲ್ಲ.

"ಏನಾದ್ರೂ ಮಾತಾಡೋ" ಎಂದ ವೀಬೆ.

ವೀಬೆ ಎಡಗಣ್ಣು ತೆರೆದ. ಡೌವೆ ಅಳುತ್ತಿದ್ದ. ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಎಷ್ಟು ಹೊತ್ತಿನಿಂದ ಅಳುತ್ತಿದ್ದನೋ ಏನೋ.